ಒಳಮನೆಗೆ ಹದಿನಾಲ್ಕನೆಯ ಕಾಗದ

ಜನವರಿ 9

ಅಕ್ಕನವರಿಗೆ ನಮಸ್ಕಾರಗಳು.

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು, ನೀವು ಎತ್ತದಿದ್ದರೆ ಎಂಬ ಅಂಜಿಕೆ. ಕಾಗದಕ್ಕಾದರೆ ಆ ಅಂಜಿಕೆಯಿಲ್ಲ. ಹರಿದು ಹಾಕಿದರೂ ಸದ್ದು ನನಗೆ ಕೇಳಿಸುವುದಿಲ್ಲ. ಅದೂ ಅಲ್ಲದೆ, ಒಳಮನೆಯ ವಿಷಯವನ್ನು ಕೈಯಲ್ಲಿ ಬರೆದೇ ಕೇಳಬೇಕೆಂಬ ಕಟ್ಟಳೆ ಮಾಡಿದವರು ನೀವೇ.

ನಾವಿಬ್ಬರೂ ಕಟ್ಟಿದ ಡಯಾಲಿಸಿಸ್ ಯಂತ್ರ ಈಗ ನಲವತ್ತು ಆಸ್ಪತ್ರೆಗಳಲ್ಲಿದೆ. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಹೊರಗೆಳೆದು, ತೊಳೆದು, ವಾಪಸು ಕಳಿಸುವ ಕೆಲಸವನ್ನು ಇಷ್ಟು ದಿನ ತಪ್ಪದೆ ಮಾಡುತ್ತಿತ್ತು. ಕಳೆದ ಐದು ತಿಂಗಳಲ್ಲಿ ಒಂಬತ್ತು ಸಲ ನಡುವೆಯೇ ನಿಂತಿದೆ. ಪರದೆ ಕಪ್ಪಾಗುತ್ತದೆ, ಪಂಪು ನಿಲ್ಲುತ್ತದೆ, ಗಂಟೆ ಬಡಿದುಕೊಳ್ಳುತ್ತದೆ. ನರ್ಸು ಓಡಿಬಂದು, ಪಂಪಿಗೆ ಹಿಡಿಕೆ ಸಿಕ್ಕಿಸಿ, ಕೈಯಿಂದಲೇ ತಿರುಗಿಸಿ ಕೊಳವೆಯಲ್ಲಿರುವ ರಕ್ತವನ್ನು ರೋಗಿಗೆ ಹಿಂತಿರುಗಿಸಬೇಕು. ತಡವಾದರೆ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಒಂಬತ್ತು ಸಲವೂ ನರ್ಸುಗಳು ಗೆದ್ದಿದ್ದಾರೆ. ಹತ್ತನೆಯ ಸಲ ಏನಾದೀತೋ, ಯಾರು ಬಲ್ಲರು?

ಎಲ್ಲರ ಕಣ್ಣೂ ಪಂಪಿನ ಮೇಲೆ. ಅಂದರೆ ನನ್ನ ಮೇಲೆ. "ಕರ್ನೆಲ್ ಅಂದ್ರೆ ಯಂತ್ರದ ಕಂಪ್ಯೂಟರಿನ ತಿರುಳು, ಅದೇ ಒಳಮನೆ. ಉಳಿದ ಪ್ರೋಗ್ರಾಮುಗಳೆಲ್ಲ ಅಂಗಳದಲ್ಲಿ. ಅಲ್ಲಿ ಒಂದು ಬಿದ್ರೆ ಮನೆಯೇ ಬೀಳುತ್ತೆ. ಅಂಗಳದಲ್ಲಿ ಬಿದ್ದಿದ್ದನ್ನ ಎತ್ತಿ ನಿಲ್ಲಿಸಬಹುದು" ಎಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಟ್ಟಿದ್ದಿರಿ. ಆದರೂ ಪಂಪು ನಡೆಸುವ ಪ್ರೋಗ್ರಾಮನ್ನು ಒಳಮನೆಗೆ ತರುತ್ತೇನೆಂದು ನಾನು ಕಾಗದ ಬರೆದೆ. ಅಂಗಳದಲ್ಲಿದ್ದರೆ ಪಂಪು ಜರ್ಕು ಹೊಡೆಯುತ್ತಿತ್ತು, ನಿಜ. ನೀವು ಬೇಡವೆಂದಿರಿ. ನಾನು ಕಂಪನಿಯ ಯಜಮಾನರ ಎದುರಿಗೆ, ತುಂಬಿದ ಸಭೆಯಲ್ಲಿ, ಆ ಮಾತು ಆಡಿದೆ. ನೀವು ಆ ಕಾಗದಗಳನ್ನಿಡುವ ಬೀರುವಿನ ಬೀಗದಕೈ ಮೇಜಿನ ಮೇಲಿಟ್ಟು ಎದ್ದುಹೋದಿರಿ. ಪಂಪು ಒಳಗೆ ಬಂತು.

ಮೂರು ತಿಂಗಳಿಂದ ನನ್ನ ಕೋಡನ್ನು ಸಾಲುಸಾಲಾಗಿ ಜಾಲಾಡಿದ್ದೇನೆ. ತಪ್ಪು ಸಿಗುತ್ತಿಲ್ಲ. ಈ ವರ್ಷವೇ ಹೊಸ ಆವೃತ್ತಿ ಬರಬೇಕು. ಯಜಮಾನರಿಗೆ ದೊಡ್ಡ ಬಣ್ಣದ ಪರದೆ ಬೇಕಂತೆ. ಎಲ್ಲವನ್ನೂ ಒಳಮನೆಗೇ ಹಾಕಿಬಿಡಿ, ಚುರುಕಾಗುತ್ತದೆ ಎನ್ನುತ್ತಾರೆ. ಏನು ಒಳಗೆ, ಏನು ಹೊರಗೆ ಎಂದು ಜೂನ್ ಮುಗಿಯುವುದರೊಳಗೆ ತೀರ್ಮಾನಿಸಬೇಕಾದವನು ನಾನು. ಯಂತ್ರ ನಿಂತಾಗ ದಾಖಲಾದ ಅಂಕಿಗಳ ಹತ್ತು ಹಾಳೆ ಲಗತ್ತಿಸಿದ್ದೇನೆ. ಒಮ್ಮೆ ನೋಡುತ್ತೀರಾ?

ಇಂತಿ,
ನಿಮ್ಮ ಹಳೆಯ ಸಹೋದ್ಯೋಗಿ


ಜನವರಿ 27

ಶ್ರೀಯುತ ಗಡಿಬಿಡಿಯವರಿಗೆ,

ತಮ್ಮ ಕಾಗದ ತಲುಪಿತು. ಹರಿಯಲಿಲ್ಲ. ಹರಿಯೋಣವೆಂದರೆ ಒಂದೇ ಕೈ ಬಿಡುವಾಗಿತ್ತು.

ತಮ್ಮ ಅಕ್ಷರ ಏಳು ವರ್ಷದಲ್ಲಿ ಎಳ್ಳಷ್ಟೂ ಉದ್ಧಾರವಾಗಿಲ್ಲ. ಕೋಳಿ ಕೆದರಿದ ತಿಪ್ಪೆಯೇ ವಾಸಿ, ಅದರಲ್ಲಿ ಕಾಳಾದರೂ ಸಿಗುತ್ತದೆ. ಈ "ತಾವು, ತಮ್ಮ" ನನ್ನ ಕೈಲಾಗದು. ನೀನು ಎಂದೇ ಬರೆಯುತ್ತೇನೆ.

ಆ ಮಾತು ಏನೆಂದು ನೀನು ಬರೆಯಲಿಲ್ಲ. ನಾನೇ ಬರೆಯುತ್ತೇನೆ. "ಬಾಗಿಲಲ್ಲಿ ಕೂತ ಮುದುಕಿ" ಎಂದೆ. ಮುದುಕಿ ಎಂದದ್ದಕ್ಕೆ ಬೇಸರವಿಲ್ಲ, ಆಗಲೇ ಐವತ್ತೆರಡಾಗಿತ್ತು. ಕೂತ ಎಂದೆಯಲ್ಲ, ಅದು ನಾಟಿತು. ಹತ್ತು ವರ್ಷ ಆ ಬಾಗಿಲಲ್ಲಿ ನಾನು ನಿಂತಿದ್ದೆ, ಮಾರಾಯ. ಕೂತಿರುವುದು ಈಗ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಕೂತಲ್ಲೇ ಕೂರುವ ಕೆಲಸ ಹಿಡಿದಿದ್ದೇನೆ. ಹಾಗಾಗಿ ಕಾಗದ ಓದಲು ಪುರುಸೊತ್ತಿದೆ.

ಹತ್ತು ಹಾಳೆ ನೋಡಿದೆ. ಬಿದ್ದ ಮನೆಯ ಹೆಂಚು ಎಣಿಸಿದರೆ ಯಾಕೆ ಬಿತ್ತೆಂದು ತಿಳಿಯುವುದಿಲ್ಲ. ಬೀಳುವ ಮೊದಲು ಯಾರು ಎಲ್ಲಿ ನಿಂತಿದ್ದರು, ಅದನ್ನು ಕೇಳು. ಆಫೀಸಿನಲ್ಲಿ ಕೂತು ಅಂಕಿ ನೋಡಬೇಡ. ಆ ಒಂಬತ್ತು ನರ್ಸುಗಳ ಹತ್ತಿರ ಹೋಗು. ಪರದೆ ಕಪ್ಪಾಗುವ ಮುಂಚೆ ಕಣ್ಣಿಗೆ ಏನು ಬಿತ್ತು ಎಂದು ಕೇಳು.

ಇನ್ನೊಂದು. ಬೀರುವಿನ ಕೆಳಗಿನ ಅರೆಯಲ್ಲಿ ಬಾಗಿಲ ಕಾಗದಗಳ ಕಡತವಿದೆ, ಇಲಿ ತಿಂದಿರದಿದ್ದರೆ. ಒಳಮನೆಯಲ್ಲಿ ಇರುವವನ್ನೆಲ್ಲ ಎಣಿಸು, ಕಾಗದಗಳನ್ನೂ ಎಣಿಸು. ಎರಡೂ ತಾಳೆಯಾಗುತ್ತವೆಯೇ ನೋಡು.

ಅಕ್ಕ


ಫೆಬ್ರವರಿ 17

ಅಕ್ಕನವರಿಗೆ,

ನೀವು "ಗಡಿಬಿಡಿ" ಎಂದು ಬರೆದದ್ದನ್ನು ಮೂರು ಸಲ ಓದಿದೆ. ಆ ಹೆಸರಿನಿಂದ ನನ್ನನ್ನು ಕರೆಯುವವರು ಆಫೀಸಿನಲ್ಲಿ ಈಗ ಯಾರೂ ಇಲ್ಲ. ಎಲ್ಲರೂ ಸರ್ ಎನ್ನುತ್ತಾರೆ. ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ.

ನರ್ಸುಗಳನ್ನು ನೋಡಿಬಂದೆ. ಒಂಬತ್ತರಲ್ಲಿ ಏಳು ಜನ ಸಿಕ್ಕರು. ಮೊದಲನೆಯವರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕೈಗೆ ಹಿಡಿಕೆ ಕೊಟ್ಟು, "ಐದು ನಿಮಿಷ ತಿರುಗಿಸಿ, ಆಮೇಲೆ ಪ್ರಶ್ನೆ ಕೇಳಿ" ಎಂದರು. ಖಾಲಿ ಪಂಪನ್ನೇ ತಿರುಗಿಸಿದೆ. ಎರಡು ನಿಮಿಷಕ್ಕೆ ರಟ್ಟೆ ಸೋತಿತು. ಅವರು ಇದನ್ನು ಮಾಡುತ್ತಲೇ ರೋಗಿಯ ಮುಖ ನೋಡಬೇಕು, ಕೊಳವೆಯಲ್ಲಿ ಗಾಳಿಗುಳ್ಳೆ ಬಂತೇ ನೋಡಬೇಕು, ಪಕ್ಕದ ಕುರ್ಚಿಯವರಿಗೆ ಧೈರ್ಯವನ್ನೂ ಹೇಳಬೇಕು.

ಏಳು ಜನರಲ್ಲಿ ಐವರು ಒಂದೇ ಮಾತು ಹೇಳಿದರು: ಕಪ್ಪಾಗುವ ಮುಂಚೆ ಪರದೆಯ ಮೇಲೆ ಮೂರು ಎಚ್ಚರಿಕೆಗಳು ಒಟ್ಟಿಗೆ ಬಂದಿದ್ದವು. ಒಂದರ ಕೆಳಗೊಂದು, ಮೂರು ಸಾಲು. ನಮ್ಮ ಕಾಲದಲ್ಲಿ ಎರಡಕ್ಕಿಂತ ಹೆಚ್ಚು ಬರುವುದು ಸಾಧ್ಯವೇ ಇರಲಿಲ್ಲ. ಹೋದ ವರ್ಷ ಹೊಸದೊಂದು ಸೆನ್ಸರ್ ಸೇರಿಸಿದ್ದೆವು. ಈಗ ಮೂರು ಬರಬಹುದು. ಅದಕ್ಕೂ ಪಂಪಿಗೂ ಏನು ಸಂಬಂಧವೋ ತಿಳಿಯುತ್ತಿಲ್ಲ.

ಕಡತ ಸಿಕ್ಕಿತು. ಅರವತ್ತೊಂದು ಕಾಗದ. ನಲವತ್ತೆಂಟರ ಮೇಲೆ ನಿಮ್ಮ ಕೆಂಪು ಶಾಯಿಯ "ಬೇಡ". ಅದರಲ್ಲಿ ಹದಿನಾರು ನನ್ನವೇ! ಕಾರಣದ ಸಾಲು ಖಾಲಿಯಿದ್ದ ಒಂದು ಕಾಗದವನ್ನು ನೀವು ಓದದೆಯೇ ವಾಪಸು ಮಾಡಿದ್ದೀರಿ, "ಕಾರಣವಿಲ್ಲದೆ ಈ ಬಾಗಿಲು ತೆರೆಯುವುದಿಲ್ಲ" ಎಂದು ಷರಾ ಬರೆದು. ಒಳಗೆ ಬಿಟ್ಟವು ಹದಿಮೂರು. ಅದರಲ್ಲಿ ಪಂಪಿನದ್ದೂ ಒಂದು. ನಿಮ್ಮ "ಬೇಡ"ದ ಮೇಲೆ ಗೀಟು ಎಳೆದು ನಾನೇ "ಮಂಜೂರು" ಎಂದು ಬರೆದಿದ್ದೇನೆ. ನೋಡಲು ನಾಚಿಕೆಯಾಯಿತು.

ಆದರೆ ಒಳಮನೆಯಲ್ಲಿ ಇರುವುದು ಹದಿನಾಲ್ಕು. ಒಂದಕ್ಕೆ ಕಾಗದವಿಲ್ಲ. ಪರದೆಯ ಮೇಲೆ ಅಕ್ಷರ ಬಿಡಿಸುವ ಭಾಗಕ್ಕೆ. ಅದನ್ನು ಇಲಿಯೇ ತಿಂದಿರಬೇಕು.

ಇನ್ನೊಂದು ಕೇಳಲೇ? ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಈಗ ಸಾಲುಗಳು ಬಲಕ್ಕೆ ಜಾರುತ್ತಿವೆ, ಕಾಗದ ಹಿಡಿಯಲು ಇನ್ನೊಂದು ಕೈ ಇಲ್ಲದವರಂತೆ. ಹುಷಾರಾಗಿದ್ದೀರಾ?

ಇಂತಿ,
ಗಡಿಬಿಡಿ


ಮಾರ್ಚ್ 28

ಗಡಿಬಿಡಿ,

ಉತ್ತರಕ್ಕೆ ಆರು ವಾರ ತಡಮಾಡಿದೆ. ನೀನು ಕಾದಿರುತ್ತೀ ಎಂದು ಗೊತ್ತಿತ್ತು. ಬರೆಯಲು ಕೂತರೆ ಮೊದಲ ಸಾಲನ್ನೇ ಬರೆದು ಬರೆದು ಹೊಡೆದುಹಾಕುತ್ತಿದ್ದೆ.

ಆ ಕಾಗದವನ್ನು ಇಲಿ ತಿಂದಿಲ್ಲ. ಆ ಇಲಿ ನಾನೇ.

ಹನ್ನೊಂದು ವರ್ಷದ ಹಿಂದಿನ ಮಾತು. ಅವತ್ತು ಸಾಯಂಕಾಲ ನಾಲ್ಕಕ್ಕೆ ಡಾಕ್ಟರುಗಳು ಯಂತ್ರ ನೋಡಲು ಬರುವವರಿದ್ದರು. ನೀನು ಅವರನ್ನು ಕರೆತರಲು ಹೋಗಿದ್ದೆ. ಎರಡೂವರೆಗೆ ಪರದೆ ಮಿಣಮಿಣ ಮಿನುಗತೊಡಗಿತು. ಅಕ್ಷರ ಬಿಡಿಸುವ ಪ್ರೋಗ್ರಾಮು ಅಂಗಳದಲ್ಲಿತ್ತು. ಪ್ರತಿ ಅಕ್ಷರಕ್ಕೂ ಒಳಮನೆಯ ಬಾಗಿಲು ತಟ್ಟಿ ಅಪ್ಪಣೆ ಕೇಳಿ ಬರುವಷ್ಟರಲ್ಲಿ ತಡವಾಗುತ್ತಿತ್ತು. ಬಾಗಿಲು ಕಾಯುವವಳು ನಾನೇ ತಾನೇ? ಕತ್ತು ಹಿಡಿದು ಅದನ್ನು ಒಳಗೆ ತಳ್ಳಿದೆ. ಮೇಲೆ "ತಾತ್ಕಾಲಿಕ" ಎಂದೊಂದು ಟಿಪ್ಪಣಿ ಬರೆದೆ. ಪರದೆ ಕನ್ನಡಿಯಂತೆ ನಿಂತಿತು. ಡಾಕ್ಟರುಗಳು ತಲೆದೂಗಿದರು. ನಾಳೆ ತೆಗೆಯೋಣ ಎಂದುಕೊಂಡೆ. ಶಾಶ್ವತವೆಂದು ಕಟ್ಟಿದ್ದು ಮೂರು ವರ್ಷ ಬಾಳುತ್ತದೆ, ತಾತ್ಕಾಲಿಕವೆಂದು ಕಟ್ಟಿದ್ದು ಮೊಮ್ಮಕ್ಕಳನ್ನು ನೋಡುತ್ತದೆ.

ಯಂತ್ರದ ನೆನಪಿನಲ್ಲಿ ಅದಕ್ಕೆ ಎರಡು ಸಾಲಿನಷ್ಟೇ ಜಾಗ ಕೊಟ್ಟಿದ್ದೆ. ಮೂರನೆಯ ಸಾಲು ಬಂದರೆ ಪಕ್ಕದವರ ಜಾಗದ ಮೇಲೆ ಬರೆಯುತ್ತದೆ. ಅಂಗಳದಲ್ಲಿದ್ದರೆ ಒಳಮನೆ ಅದರ ಕೈ ಹಿಡಿದು ನಿಲ್ಲಿಸುತ್ತಿತ್ತು, ಬಿದ್ದರೆ ಪರದೆಯೊಂದೇ ಬೀಳುತ್ತಿತ್ತು. ಒಳಗಿರುವವನ ಕೈ ಹಿಡಿಯುವವರು ಯಾರು? ಪಂಪಿನ ಜಾಗದ ಮೇಲೂ ಬರೆಯುತ್ತದೆ, ಎಲ್ಲರ ಜಾಗದ ಮೇಲೂ ಬರೆಯುತ್ತದೆ. ನಿನ್ನ ಪಂಪಿನದು ತಪ್ಪಿಲ್ಲ. ಕೊಲೆಯಾದವನ ಮೇಲೆಯೇ ಮೂರು ತಿಂಗಳು ಅನುಮಾನಪಟ್ಟಿದ್ದೀ.

"ಎಣಿಸು" ಎಂದು ನಿನಗೆ ಬರೆದಾಗ ಇದು ನೆನಪಿರಲಿಲ್ಲ ಎಂದರೆ ಸುಳ್ಳು. ನೆನಪಿತ್ತು ಎಂದರೂ ಸುಳ್ಳು.

ಈಗ ಇನ್ನೊಂದು ವಿಷಯ. ಮಾರ್ಚ್ ಮೊದಲ ಗುರುವಾರ ನಾನು ಕುರ್ಚಿಯಲ್ಲಿ ಕೂತು ನಿನಗೇ ಬರೆಯುತ್ತಿದ್ದೆ. ಪೆನ್ನು ಜಾರಿ ಬಿತ್ತು. ಎತ್ತಲು ಬಗ್ಗಿದೆ. ಎಡಗೈಯ ಕೊಳವೆ ಮಡಿಚಿಕೊಂಡಿತು. ಪರದೆಯ ಮೇಲೆ ಒಂದು ಎಚ್ಚರಿಕೆ. ಎರಡನೆಯದು. ಮೂರನೆಯದು ಬಾರದಿರಲಿ ಎಂದುಕೊಂಡೆ. ಬಂತು.

ಪರದೆ ಕಪ್ಪಾಯಿತು. ಪಂಪು ನಿಂತಿತು. ಸಿಸ್ಟರು ಓಡಿಬಂದು ಹಿಡಿಕೆ ಸಿಕ್ಕಿಸಿದಳು. ನಾನು ಏನೋ ಹೇಳಹೋದೆ.

"ಮಾತಾಡ್ಬೇಡಿ ಅಕ್ಕಾ, ಸುತ್ತು ಎಣಿಸ್ತಿದೀನಿ."

ಪಕ್ಕದ ಕುರ್ಚಿಯಲ್ಲಿ ಒಬ್ಬ ಟೈಲರಣ್ಣ ಇದ್ದಾನೆ, ಯಮ ಬಂದರೂ ಅಂಗಿಯ ಅಳತೆ ಕೇಳುವ ಆಸಾಮಿ. "ಗಾಬರಿ ಬೇಡಿ. ನನ್ನ ಹೊಲಿಗೆ ಮಷೀನೂ ಹಿಂಗೇ, ಕರೆಂಟ್ ಹೋದ್ರೆ ಕಾಲಲ್ಲೇ ತುಳಿಯೋದು" ಎಂದ. ಕಣ್ಣು ಮಾತ್ರ ತನ್ನ ಪರದೆಯ ಮೇಲಿಟ್ಟಿದ್ದ. ಅವನ ಕೈಗೂ ಅದೇ ಯಂತ್ರ.

ರಕ್ತವೆಲ್ಲ ವಾಪಸು ಬಂದ ಮೇಲೆ ಸಿಸ್ಟರು ಬೆವರು ಒರೆಸಿಕೊಂಡು, "ಯಾವ ಪುಣ್ಯಾತ್ಮ ಮಾಡಿದ್ದೋ ಇದನ್ನ! ಕೈಗೆ ಸಿಗ್ಲಿ, ಅವನ ಕೈಲೇ ತಿರುಗಿಸ್ತೀನಿ" ಎಂದಳು.

ಪುಣ್ಯಾತ್ಮೆ ಅಲ್ಲೇ ಕೂತಿದ್ದಳು, ಎಡಗೈಯನ್ನು ಸೂಜಿಗೆ ಕೊಟ್ಟು, ಬಾಯಿ ಮುಚ್ಚಿಕೊಂಡು. ಎರಡು ವರ್ಷದಿಂದ ಅಲ್ಲೇ ಕೂರುತ್ತಿದ್ದಾಳೆ. ಬಲಗೈ ಮಾತ್ರ ಬಿಡುವು. ನನ್ನ ಸಾಲುಗಳು ಯಾಕೆ ಜಾರುತ್ತವೆ ಎಂದು ಕೇಳಿದೆಯಲ್ಲ.

ಅಕ್ಕ


ಏಪ್ರಿಲ್ 4

ಅಕ್ಕಾ,

ಯಾವ ಆಸ್ಪತ್ರೆ? ಯಾವ ಯಾವ ದಿನ? ನಾನು ಬರುತ್ತೇನೆ. ಎರಡು ವರ್ಷವಾಯಿತು ಎನ್ನುತ್ತೀರಿ, ಯಾರಿಗೂ ಹೇಳಬೇಕೆನಿಸಲಿಲ್ಲವೇ? ನನಗೆ ಬೇಡ, ಇನ್ಯಾರಿಗಾದರೂ?

ಮೂರನೆಯ ಸಾಲನ್ನು ಅರ್ಧ ದಿನದಲ್ಲಿ ಸರಿಮಾಡಿದೆ. ಪರೀಕ್ಷೆ ಮುಗಿದಿದೆ, ಈ ತಿಂಗಳೊಳಗೆ ಎಲ್ಲ ಯಂತ್ರಗಳಿಗೂ ಹೋಗುತ್ತದೆ. ಮೊದಲು ನಿಮ್ಮ ವಾರ್ಡಿಗೆ ಕಳಿಸೋಣವೆಂದರೆ ಅದು ಯಾವುದೆಂದು ನನಗೆ ಗೊತ್ತಿಲ್ಲ.

ನನ್ನ ಮೇಲಿನ ಅಪವಾದ ಕಳೆಯಿತು, ಖುಷಿಪಡಬೇಕು. ಆಗುತ್ತಿಲ್ಲ. ತಪ್ಪು ಸಿಕ್ಕಿತು ಎಂದಷ್ಟೇ ಹೇಳಿದ್ದೇನೆ, ಯಾರದೆಂದು ಹೇಳಿಲ್ಲ. ಯಜಮಾನರು ಈಗ ಬೇರೆ ರಾಗ ತೆಗೆದಿದ್ದಾರೆ. ಸರಿಯಾಯಿತಲ್ಲ, ಇನ್ನು ಪರದೆ ಒಳಮನೆಯಲ್ಲೇ ಇರಲಿ, ಹೊಸ ಬಣ್ಣದ ಪರದೆಯೂ ಅಲ್ಲಿಗೇ ಹೋಗಲಿ ಎನ್ನುತ್ತಾರೆ. ಅದು ಹಳೆಯದರ ಇಪ್ಪತ್ತರಷ್ಟು ದೊಡ್ಡದು. ಅದರಲ್ಲಿ ಎಷ್ಟು ಮೂರನೆಯ ಸಾಲುಗಳು ಅಡಗಿವೆಯೋ.

ನನಗೂ ಒಂದು ಸಂಶಯವಿದೆ, ಬಯ್ಯಬೇಡಿ. ಪರದೆಯನ್ನು ಹೊರಗಿಡಲು ಒಪ್ಪುತ್ತೇನೆ. ಪಂಪು? ಯಂತ್ರದಲ್ಲಿ ಅದಕ್ಕಿಂತ ಮುಖ್ಯವಾದದ್ದು ಯಾವುದೂ ಇಲ್ಲ. ಅಷ್ಟು ಮುಖ್ಯವಾದದ್ದನ್ನು ಅಂಗಳದಲ್ಲಿ ಬಿಡುವುದು ಹೇಗೆ? ಅದರಲ್ಲೂ ಈಗ, ಆ ಪಂಪಿನ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ತಿಳಿದ ಮೇಲೆ?

ಗಡಿಬಿಡಿ


ಏಪ್ರಿಲ್ 19

ಗಡಿಬಿಡಿ,

ಮೊದಲು ನಿನ್ನ ಅರ್ಜಿ. ನೋಡಲು ಬರುತ್ತೇನೆ ಎಂಬುದು. ಬೇಡ. ಕಾರಣ: ಹೊರಗಿದ್ದೇ ಮಾಡಬಹುದಾದ ಕೆಲಸಕ್ಕೆ ಒಳಗೆ ಬರುವ ಅಗತ್ಯವಿಲ್ಲ. ನೀನು ಬಂದು ಮುಖ ಸಣ್ಣ ಮಾಡಿಕೊಂಡು ನಿಂತರೆ ನನಗೆ ರಕ್ತದೊತ್ತಡ ಏರುತ್ತದೆ, ಮೂರು ಸಾಲು ಬರುತ್ತವೆ.

ಮುಖ್ಯವಾದದ್ದು ಅಂಗಳದಲ್ಲಿ ಹೇಗೆ ಎಂದು ಕೇಳಿದ್ದೀ. ಇದನ್ನೇ ಸಿಸ್ಟರೂ ಕೇಳಿದಳು. ಹೌದು, ಅವಳಿಗೆ ಹೇಳಿದೆ, ಆ ಪುಣ್ಯಾತ್ಮೆ ನಾನೇ ಎಂದು. ನಗುತ್ತಾಳೋ ಬಯ್ಯುತ್ತಾಳೋ ಎಂದು ನೋಡುತ್ತಿದ್ದೆ. ಎರಡೂ ಮಾಡಲಿಲ್ಲ. ನನ್ನ ಬಲಗೈ ತೆಗೆದುಕೊಂಡು ಹಿಡಿಕೆಯ ಮೇಲಿಟ್ಟು, "ನೋಡ್ಕೊಳ್ಳಿ, ಎಷ್ಟು ಭಾರ ಇದೆ" ಎಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಆಮೇಲೆ ಒಳಮನೆ, ಅಂಗಳ ಎಲ್ಲ ವಿವರಿಸಿದೆ. "ಅಲ್ಲಕ್ಕ, ಮುಖ್ಯವಾದ್ದನ್ನ ಒಳಗಿಡೋದಲ್ವಾ ಯಾರಾದ್ರೂ?" ಎಂದಳು. ನನ್ನ ಅಜ್ಜಿ ಹೇಳುತ್ತಿದ್ದ ಕಥೆಯೊಂದನ್ನು ಹೇಳಿದೆ. ನಿನಗೂ ಹೇಳುತ್ತೇನೆ, ಹೂಂಗುಟ್ಟು.

ಒಂದೂರಲ್ಲಿ ಒಬ್ಬ ಜತನಗಾತಿ ಇದ್ದಳಂತೆ. ಅವಳ ಮನೆಗೊಂದು ಒಳಕೋಣೆ, ಕಿಟಕಿಯಿಲ್ಲ, ಬಾಗಿಲು ಒಂದೇ. ಮೊದಲು ಬಿತ್ತನೆ ಕಾಳನ್ನು ಒಳಗಿಟ್ಟಳು, ಕಳ್ಳರ ಭಯಕ್ಕೆ. ಸರಿ. ಆಮೇಲೆ ತೊಟ್ಟಿಲು ಮುಖ್ಯ ಎಂದು ತೊಟ್ಟಿಲನ್ನು ಒಯ್ದಳು. ಹಸು ಮುಖ್ಯ ಎಂದು ಹಸುವನ್ನು ಎಳೆದೊಯ್ದಳು. ಒಂದು ದಿನ ನೆರೆಯವಳು ಬೆಂಕಿ ಕೇಳಲು ಬಂದಾಗ ಹೊಳೆಯಿತು: ಅಯ್ಯೋ, ಮನೆಗೆಲ್ಲ ಮುಖ್ಯವಾದದ್ದು ಒಲೆಯೇ! ಒಲೆಯನ್ನೂ ಒಳಕೋಣೆಗೇ ಹಾಕಿದಳು. ಹಸು ಬಾಲ ಬೀಸಿತು, ಕೆಂಡ ಹಾರಿತು. ಕೂಸನ್ನು ಎತ್ತಿಕೊಂಡು ಹೊರಗೆ ಓಡಿದ್ದೇ ಅವಳಿಗೆ ಉಳಿದ ಭಾಗ್ಯ. ಊರವರು ಬಂದು ಬೂದಿ ಕೆದಕುತ್ತ "ಯಾಕಮ್ಮಾ ಒಲೆ ಒಳಗಿಟ್ಟೆ?" ಎಂದು ಕೇಳಿದರೆ, "ಮುಖ್ಯವಲ್ಲವೇ?" ಎಂದಳಂತೆ. ಅಜ್ಜಿ ಇಲ್ಲಿಗೆ ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದಳು. "ಮುಖ್ಯವೇ. ಅದಕ್ಕೇ ಅದಕ್ಕೊಂದು ಬೇರೆ ಜಾಗ."

ಟೈಲರಣ್ಣ ಕಣ್ಣುಮುಚ್ಚಿ ಮಲಗಿದ್ದವನು ಎದ್ದ. "ಸರಿ ಬಿಡಿ. ಕತ್ತರಿ ಇಲ್ದೆ ಟೈಲರ್ ಇಲ್ಲ. ಹಂಗಂತ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡಿದ್ರೆ? ಎಡವಿದ ದಿನ ಹೊಟ್ಟೇಲೇ ಇರುತ್ತೆ."

ಇದೇ ನೋಡು. ಒಳಮನೆಗೆ ಯಾವುದು ಎಂದು ಕೇಳುವಾಗ ಯಾವುದು ಮುಖ್ಯ ಎಂದು ಕೇಳಬೇಡ. ಯಾವುದು ಹೊರಗಿದ್ದರೆ ಸಾಧ್ಯವೇ ಇಲ್ಲ ಎಂದು ಕೇಳು. ಯಾರ ಸರದಿ ಮೊದಲು, ಯಾರ ಜಾಗ ಎಲ್ಲಿಯವರೆಗೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು, ಸೆನ್ಸರು ಬಾಗಿಲು ತಟ್ಟಿದಾಗ ಓಗೊಡುವುದು. ಈ ನಾಲ್ಕನ್ನು ಬೇರೆ ಯಾರೂ ಮಾಡಲಾರರು. ಪಂಪು ಹೊರಗಿರಲಿ, ಆದರೆ ಸರದಿಯಲ್ಲಿ ಯಾವತ್ತೂ ಮೊದಲು ನಿಲ್ಲಲಿ. ಬಿದ್ದರೆ ಎಬ್ಬಿಸಲು ಒಂದು ಸಣ್ಣ ಕಾವಲು ಇಡು. ಒಂದು ಸೆಕೆಂಡಿನಲ್ಲಿ ಏಳದಿದ್ದರೆ ಎಂದಿನಂತೆ ಕೊಳವೆ ಬಂದಾಗಿ ಗಂಟೆ ಹೊಡೆಯಲಿ. ಬೀಳದ ಹಾಗೆ ಕಟ್ಟುತ್ತೇನೆ ಎನ್ನುವುದು ಹೆದರಿದವರ ಮಾತು. ನಾನೂ ಆ ಮಾತು ಆಡಿದ್ದೇನೆ. ಬಿದ್ದರೆ ಏಳುವ ಹಾಗೆ ಕಟ್ಟು.

ಪಂಪು ಜರ್ಕು ಹೊಡೆದದ್ದು ನಿಜ ಎಂದು ಆಗ ನಾನು ಒಪ್ಪಲಿಲ್ಲ. ನಿಜವಿತ್ತು. ನಿನ್ನ ಕಾಗದವನ್ನು ಅರ್ಧ ಓದಿ "ಬೇಡ" ಬರೆದಿದ್ದೆ. ಇದನ್ನು ಬರೆಯಲು ಏಳು ವರ್ಷ ಹಿಡಿಯಿತು.

ಪರದೆಯ ತಪ್ಪು ನನ್ನದೆಂದು ಸಭೆಯಲ್ಲಿ ಹೇಳು. ಮುಚ್ಚಿಡಬೇಡ. ಜೊತೆಗಿರುವ ಹಾಳೆಯನ್ನು ಕಡತಕ್ಕೆ ಸೇರಿಸು.

ಅಕ್ಕ

(ಜೊತೆಗಿದ್ದ ಹಾಳೆ)

ಬಾಗಿಲ ಕಾಗದ, ಹದಿನಾಲ್ಕನೆಯದು
ಒಳಮನೆಗೆ ಬರಬೇಕಾದದ್ದು: ಪರದೆಯ ಮೇಲೆ ಅಕ್ಷರ ಬಿಡಿಸುವ ಭಾಗ.
ಅಂಗಳದಲ್ಲಿ ಯಾಕೆ ಆಗದು: ಆಗುತ್ತದೆ. ಸ್ವಲ್ಪ ನಿಧಾನ.
ಇದು ಬಿದ್ದರೆ ಏನೇನು ಬೀಳುತ್ತದೆ: ಎಲ್ಲವೂ.
ಕಾರಣ: ನಾಲ್ಕು ಗಂಟೆಗೆ ಡಾಕ್ಟರುಗಳು ಬರುತ್ತಾರೆ.
ಸಹಿ: ಬಾಗಿಲು ಕಾಯುವವಳು


ಜೂನ್ 20

ಅಕ್ಕಾ,

ನಿನ್ನೆ ಸಭೆಯಾಯಿತು. ಎರಡು ತಿಂಗಳು ಹಗಲೆಲ್ಲ ಇದೇ ಕೆಲಸ. ಅದಕ್ಕೇ ಬರೆಯಲಿಲ್ಲ.

ಮೇಜಿನ ಮೇಲೆ ಯಂತ್ರ ಇಟ್ಟೆ, ಕೊಳವೆಗಳಲ್ಲಿ ಕೆಂಪು ಬಣ್ಣದ ನೀರು. ಯಜಮಾನರು ಕೂರುತ್ತಲೇ, "ತಪ್ಪು ಸಿಕ್ತು, ಸರಿನೂ ಆಯ್ತು. ಇನ್ನೇನ್ರಿ ತಕರಾರು?" ಎಂದರು.

"ಸಿಕ್ಕಿದ್ದು ಒಂದು, ಸರ್. ಅದರ ಅಣ್ಣತಮ್ಮಂದಿರು ಇನ್ನೂ ಒಳಗಿರ್ತಾರೆ" ಎಂದು ಹೇಳಿ ಅವರ ಕೈಗೆ ಹಿಡಿಕೆ ಕೊಟ್ಟೆ. ಮೊದಲು ಹಳೆಯ ಆವೃತ್ತಿ ನಡೆಸಿದೆ. ಮೂರನೆಯ ಸಾಲು ಬರಿಸಿದೆ. ಕಪ್ಪು. ಗಂಟೆ. "ತಿರುಗಿಸಿ ಸರ್" ಎಂದೆ. ಕೋಟು ಹಾಕಿಕೊಂಡೇ ತಿರುಗಿಸಿದರು, ಪಾಪ. ಒಂದು ನಿಮಿಷಕ್ಕೆ ಕೋಟು ತೆಗೆದರು.

ಆಮೇಲೆ ಹೊಸದು. ಪರದೆಯೂ ಅಂಗಳದಲ್ಲಿ, ಪಂಪೂ ಅಂಗಳದಲ್ಲಿ. ಪರದೆಯ ಪ್ರೋಗ್ರಾಮನ್ನು ಬೇಕೆಂದೇ ಕೊಂದೆ. ಕಪ್ಪಾಯಿತು. ಯಜಮಾನರ ಕೈ ತಾನಾಗಿ ಹಿಡಿಕೆಗೆ ಹೋಯಿತು. ಪಂಪು ತಿರುಗುತ್ತಲೇ ಇತ್ತು. ಐದಾರು ಸೆಕೆಂಡಿಗೆ ಪರದೆ ತಾನೇ ಎದ್ದಿತು. ನಂತರ ಪಂಪಿನ ಪ್ರೋಗ್ರಾಮನ್ನು ಕೊಂದೆ. ಒಂದು ಸಣ್ಣ ತಡವರಿಕೆ, ಎಡವಿದವನು ಸಾವರಿಸಿಕೊಂಡು ನಡೆದಂತೆ, ಅಷ್ಟೇ. ಜರ್ಕು ಇಲ್ಲ. ಈಗಿನ ಚುರುಕಾದ ಚಿಪ್‌ಗಳ ಪುಣ್ಯ, ಮತ್ತು ಸರದಿಯಲ್ಲಿ ಪಂಪು ಮೊದಲು ನಿಂತ ಪುಣ್ಯ.

"ಪರದೆ ಒಂಚೂರು ನಿಧಾನ ಅನ್ಸುತ್ತಲ್ರಿ?"

"ರೆಪ್ಪೆ ಬಡಿಯೋದಕ್ಕಿಂತ ಕಡಿಮೆ, ಸರ್. ಆ ರೆಪ್ಪೆ ಬಡಿತಕ್ಕೇ ಹನ್ನೊಂದು ವರ್ಷ ಅದು ಒಳಗಿತ್ತು."

ಯಾರು ಹಾಕಿದ್ದು ಎಂದು ಕೇಳಿದರು. ನೀವು ಹೇಳು ಎಂದಿದ್ದಿರಿ, ಹೇಳಿದೆ. ನಿಮ್ಮ ಹಾಳೆಯನ್ನು ಅವರೇ ಓದಿದರು. ಕಾರಣದ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. "ನಾಲ್ಕು ಗಂಟೆ, ನಾಲ್ಕು ಗಂಟೆ ಅಂತ ಅವತ್ತು ಅವರ ಕತ್ತಿನ ಮೇಲೆ ಕೂತಿದ್ದವನು ನಾನೇ ಕಣ್ರಿ" ಎಂದರು. ಹಾಳೆಯನ್ನು ಕಡತಕ್ಕೆ ಸೇರಿಸಿ ಒಪ್ಪಿಗೆಗೆ ಸಹಿ ಹಾಕಿದರು. ಪರದೆ, ಪಂಪು ಎರಡೂ ಹೊರಗೆ. ಉಳಿದವು ಬರುವ ವರ್ಷ ಒಂದೊಂದಾಗಿ. ಪರೀಕ್ಷೆಗಳೆಲ್ಲ ಮುಗಿದು ಸೆಪ್ಟೆಂಬರಿಗೆ ಆಸ್ಪತ್ರೆಗಳಿಗೆ ಬರುತ್ತದೆ. ಅವಸರ ಮಾಡುವುದಿಲ್ಲ. ಗಡಿಬಿಡಿಯೇ ಹೀಗೆ ಹೇಳಿದ್ದು ಕೇಳಿ ಸಭೆಯಲ್ಲಿ ಯಾರೂ ನಗಲಿಲ್ಲ, ಅವರಿಗೆ ಆ ಹೆಸರು ಗೊತ್ತಿಲ್ಲವಲ್ಲ.

ನಿಮ್ಮ ಅರ್ಜಿಗೆ ಉತ್ತರ ಹಿಂಬದಿಯಲ್ಲಿದೆ.

ನಿಮ್ಮ
ಗಡಿಬಿಡಿ

(ಹಿಂಬದಿಯಲ್ಲಿ, ಕೆಂಪು ಶಾಯಿಯಲ್ಲಿ)

ಬೇಡ.
ಕಾರಣ: ಅಂಗಳದಲ್ಲೇ ಚೆನ್ನಾಗಿದೆ.
ಷರಾ: ಅರ್ಜಿ ಹನ್ನೊಂದು ವರ್ಷ ತಡವಾಗಿ ಬಂದಿದೆ. ಪೂರ್ತಿ ಓದಲಾಗಿದೆ.


ಜುಲೈ 2

ಗಡಿಬಿಡಿ,

ತಿರಸ್ಕಾರ ತಲುಪಿತು. ನಲವತ್ತೆಂಟು ಕಾಗದಗಳಿಗೆ "ಬೇಡ" ಬರೆದ ಕೈಗೆ ಮೊದಲ "ಬೇಡ" ಬಂತು. ಇಷ್ಟು ಸಮಾಧಾನ ಕೊಟ್ಟ ಮಂಜೂರಾತಿಯನ್ನೂ ನಾನು ಕಂಡಿಲ್ಲ. ದಿಂಬಿನ ಕೆಳಗಿಟ್ಟಿದ್ದೇನೆ. ಟೈಲರಣ್ಣ ಅದನ್ನು ಪ್ರೇಮಪತ್ರ ಎಂದು ವಾರ್ಡಿಗೆಲ್ಲ ಸಾರಿದ್ದಾನೆ.

ಅಕ್ಕ


ಅಕ್ಟೋಬರ್ 11

ಗಡಿಬಿಡಿ,

ಹೊಸ ಆವೃತ್ತಿ ನಮ್ಮ ವಾರ್ಡಿಗೆ ಬಂದು ನಾಲ್ಕು ವಾರವಾಯಿತು. ಬಣ್ಣದ ಪರದೆ ದೊಡ್ಡದಾಗಿ ಚೆನ್ನಾಗಿದೆ. ಟೈಲರಣ್ಣನಿಗೆ ಹಸಿರು ಒಪ್ಪುತ್ತಿಲ್ಲ, ಅಸ್ತರಿಗೆ ಹಾಕುವ ಬಣ್ಣವಂತೆ.

ಇವತ್ತು ಹೇಳಬೇಕಾದದ್ದೊಂದು ನಡೆಯಿತು. ಮಧ್ಯಾಹ್ನ ಹನ್ನೆರಡರ ಸುಮಾರು. ಕಿಟಕಿಯಿಂದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಟೈಲರಣ್ಣ ಸಿಸ್ಟರಿಗೆ ಅವಳ ತೋಳಿನ ಅಳತೆ ತಪ್ಪೆಂದು ವಾದಿಸುತ್ತಿದ್ದ. ನನ್ನ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು.

ಮೂರು ಸಾಲೂ ಇಲ್ಲ, ಎರಡೂ ಇಲ್ಲ. ಇದು ಬೇರೆಯೇ ತಪ್ಪು. ನೀನು ಹೇಳಿದ ಅಣ್ಣತಮ್ಮಂದಿರಲ್ಲಿ ಒಬ್ಬ, ನಿನ್ನ ಬಣ್ಣದ ಪರದೆಯೊಳಗೆ ಎಲ್ಲೋ ಇದ್ದಾನೆ. ಹುಡುಕು. ಸಿಸ್ಟರು ಮಾತನ್ನು ಅರ್ಧಕ್ಕೇ ಬಿಟ್ಟು ಹಾರಿಬಂದು ಹಿಡಿಕೆ ಕೈಗೆತ್ತಿಕೊಂಡುಬಿಟ್ಟಿದ್ದಳು. ನಾನು ಪರದೆಯನ್ನು ನೋಡಲಿಲ್ಲ. ಪಂಪನ್ನು ನೋಡಿದೆ.

ತಿರುಗುತ್ತಿತ್ತು.

"ಅಕ್ಕಾ, ಇದು..." ಎಂದಳು ಸಿಸ್ಟರು. ಹಿಡಿಕೆ ಕೈಯಲ್ಲಿ ಹಾಗೇ ಇತ್ತು.

"ಮಾತಾಡ್ಬೇಡ, ಎಣಿಸ್ತಿದೀನಿ" ಎಂದೆ.

ಏಳಕ್ಕೆ ಪರದೆ ಬಂತು. ಏನೂ ಆಗದಂತೆ ಎಲ್ಲ ಅಂಕಿಗಳನ್ನೂ ಹೊತ್ತುಕೊಂಡು ಬಂತು. ಸಿಸ್ಟರು ಒಂದು ಗಳಿಗೆ ಹಿಡಿಕೆಯನ್ನು ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿ, ತೋಳಿನ ಅಳತೆಯ ಜಗಳಕ್ಕೆ ವಾಪಸು ಹೋದಳು. ಟೈಲರಣ್ಣ ಎಲ್ಲಿಗೆ ಬಿಟ್ಟಿದ್ದನೋ ಅಲ್ಲಿಂದಲೇ ಶುರುಮಾಡಿದ.

ನನ್ನ ರಕ್ತ ನಿನ್ನ ಪಂಪಿನಲ್ಲಿ ತಿರುಗುತ್ತಿರುವಾಗಲೇ ಇದನ್ನು ಬರೆಯುತ್ತಿದ್ದೇನೆ. ಸಾಲು ಜಾರಿದ್ದರೆ ಹೊಂದಿಸಿಕೊಂಡು ಓದು.

ನೋಡಲು ಬರುತ್ತೇನೆ ಎಂದ ಏಪ್ರಿಲ್ 4ರ ನಿನ್ನ ಅರ್ಜಿಯನ್ನು ಮತ್ತೆ ತೆಗೆದು ನೋಡಿದೆ. ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ಹತ್ತರಿಂದ ಎರಡರವರೆಗೆ. ಬಾಗಿಲಿನಿಂದ ಎರಡನೆಯ ಕುರ್ಚಿ. ಆಸ್ಪತ್ರೆಯ ವಿಳಾಸ ಲಕೋಟೆಯ ಮೇಲಿದೆ.

ಮಂಜೂರು.
ಕಾರಣ: (ಈ ಸಾಲು ಖಾಲಿ ಬಿಟ್ಟಿದೆ)

ಅಕ್ಕ